ಸೆಟ್ಟಿನ ಒಳಮೈಯಲ್ಲಿ ಫಂಗಸ್: ಬಾಯಿಗೆ ಔಷಧ ಹಚ್ಚಿದರಷ್ಟೇ ಏಕೆ ಸಾಲದು

ದಾವಣಗೆರೆಯಲ್ಲಿ ಹಲ್ಲಿನ ಸೆಟ್ಟು ಕಟ್ಟಿಸಿಕೊಂಡ ಹಿರಿಯರು ಯಾವ ಬೀದಿಯಲ್ಲಿ ನಿಂತರೂ ಸಿಗುತ್ತಾರೆ. ಊರೊಳಗೇ ಎರಡು ಡೆಂಟಲ್ ಕಾಲೇಜುಗಳಿವೆ, ಬಾಪೂಜಿ ಮತ್ತು ಕಾಲೇಜ್ ಆಫ್ ಡೆಂಟಲ್ ಸೈನ್ಸಸ್. ಜಗಳೂರು, ಹೊನ್ನಾಳಿ, ಚನ್ನಗಿರಿ, ಹರಪನಹಳ್ಳಿ ಕಡೆಯವರು ಬೆಳಗಿನ ಬಸ್ಸು ಹಿಡಿದು ಬಂದು ಅಳತೆ ಕೊಟ್ಟು ಹೋಗುತ್ತಾರೆ. ಬಿಪಿಎಲ್ ಕುಟುಂಬದ ಹಿರಿಯರಿಗೆ ಡೆಂಟಲ್ ಕಾಲೇಜುಗಳ ಮೂಲಕ ಉಚಿತವಾಗಿ ಸೆಟ್ಟು ಕೊಡಿಸಲು ರಾಜ್ಯ ಸರ್ಕಾರ ‘ದಂತ ಭಾಗ್ಯ’ ಯೋಜನೆ ತಂದಿತ್ತು. ಅಳತೆ, ಮೇಣದ ಟ್ರಯಲ್, ಕೊನೆಗೆ ಸೆಟ್ಟು ಕೈಗೆ. ಅಲ್ಲಿಗೆ ಕೆಲಸ ಮುಗಿಯಿತು ಎಂದು ಎರಡೂ ಕಡೆಯವರು ತಿಳಿಯುತ್ತಾರೆ. ತೊಂದರೆ ಶುರುವಾಗುವುದು ಆಮೇಲೆ. ಅದೂ ಸದ್ದಿಲ್ಲದೆ.

ಮೇಲಿನ ಸೆಟ್ಟನ್ನು ವರ್ಷಗಟ್ಟಲೆ ಹಗಲೂ ರಾತ್ರಿ ಹಾಕಿಕೊಂಡವರ ಬಾಯಿಗೆ ಟಾರ್ಚ್ ಬಿಟ್ಟು ನೋಡಿದರೆ ಎಷ್ಟೋ ಸಲ ಅಂಗುಳ ಕೆಂಪಗಿರುತ್ತದೆ. ಆ ಕೆಂಪಿಗೊಂದು ಖಚಿತ ಗಡಿ ಇರುತ್ತದೆ. ಪ್ಲೇಟು ಎಲ್ಲಿಗೆ ಮುಗಿಯುತ್ತದೋ ಕೆಂಪೂ ಅಲ್ಲಿಗೇ ನಿಂತಿರುತ್ತದೆ, ಆಚೆಗೆ ಮಾಮೂಲಿ ತೆಳು ಗುಲಾಬಿ. ಅಂಗುಳದ ಮೇಲೆ ಸೆಟ್ಟಿನ ನಕಾಶೆ ಬರೆದಿಟ್ಟ ಹಾಗೆ. ಇಂಥ ಬಾಯಿಯವರನ್ನು ಕೇಳಿದರೆ ಮಾತು ಸಾಮಾನ್ಯವಾಗಿ ಹೀಗೆ ಸಾಗುತ್ತದೆ:

“ಉರಿ ಗಿರಿ ಏನಾದ್ರೂ ಐತೇನ್ರಿ ಅಜ್ಜಾರೆ?”

“ಏನಿಲ್ಲ ಬಿಡ್ರಿ. ಮಂಡಕ್ಕಿ ಜೊತೆ ಮಿರ್ಚಿ ತಿಂದ್ರ ಸ್ವಲ್ಪ ಚುರ್ ಅಂತೈತಿ, ಅಷ್ಟ.”

“ರಾತ್ರಿ ಸೆಟ್ಟು ತೆಗೆದಿಡ್ತೀರೋ?”

“ಎಲ್ಲಿ ತೆಗೀತೀವ್ರಿ. ಬೊಚ್ಚು ಬಾಯಿ ನೋಡಿ ಮೊಮ್ಮಕ್ಕಳು ನಗ್ತಾವ.”

ಡೆಂಟಿಸ್ಟರು ಇದನ್ನು ಡೆಂಚರ್ ಸ್ಟೊಮಟೈಟಿಸ್, ಅಂದರೆ ಸೆಟ್ಟಿನಡಿಯ ಉರಿಯೂತ, ಎನ್ನುತ್ತಾರೆ. ಇದರ ಹಿಂದಿರುವುದು ಹೆಚ್ಚಾಗಿ ಫಂಗಸ್. 1962ರಲ್ಲಿ ನ್ಯೂಟನ್ ಎಂಬಾತ ಮಾಡಿದ ಮೂರು ವರ್ಗಗಳೇ ಇಂದಿಗೂ ಬಳಕೆಯಲ್ಲಿವೆ: ಅಲ್ಲಲ್ಲಿ ಸೂಜಿಮೊನೆಯಂಥ ಕೆಂಪು ಚುಕ್ಕೆ ಮೊದಲನೆಯದು, ಪ್ಲೇಟಿನ ಅಡಿಯಿಡೀ ಹರಡಿದ ಕೆಂಪು ಎರಡನೆಯದು, ಅಂಗುಳದ ನಡುವೆ ಸಣ್ಣ ಸಣ್ಣ ಗುಳ್ಳೆಯಂತೆ ಮಾಂಸ ಉಬ್ಬಿದ್ದು ಮೂರನೆಯದು. ಸೆಟ್ಟು ಹಾಕುವವರಲ್ಲಿ ಇದು ಎಷ್ಟು ಜನಕ್ಕಿದೆ ಎಂಬ ಲೆಕ್ಕ ಅಧ್ಯಯನದಿಂದ ಅಧ್ಯಯನಕ್ಕೆ ಶೇ 15ರಿಂದ 70ರವರೆಗೂ ಓಲಾಡುತ್ತದೆ. ಯಾರನ್ನು, ಎಲ್ಲಿ, ಎಷ್ಟು ವಯಸ್ಸಿನವರನ್ನು ನೋಡಿದರು ಎಂಬುದರ ಮೇಲೆ ಅದು ಹೋಗುತ್ತದೆ. ಕಡಿಮೆ ಅಂಕಿಯನ್ನೇ ಹಿಡಿದರೂ ಇದು ಅಪರೂಪದ ಕಾಯಿಲೆಯಲ್ಲ. ನೋವಿಲ್ಲ ಎಂಬ ಒಂದೇ ಕಾರಣಕ್ಕೆ ಯಾರೂ ಇದರ ಬಗ್ಗೆ ಮಾತಾಡುವುದಿಲ್ಲ.

ಫಂಗಸ್ ಎಂದ ಕೂಡಲೇ ನಮ್ಮವರಿಗೆ 2021 ನೆನಪಾಗುತ್ತದೆ. ಆಗ ಕೋವಿಡ್ ಬೆನ್ನಿಗೆ ಬಂದ ‘ಬ್ಲ್ಯಾಕ್ ಫಂಗಸ್’ ಬೇರೆ ಕುಲದ್ದು. ಅದು ಮ್ಯೂಕರೇಲ್ಸ್ ಎಂಬ ಗುಂಪಿನದು. ರಕ್ತನಾಳಕ್ಕೇ ನುಗ್ಗಿ ಮೂಳೆಯನ್ನು ಕೊಳೆಸುವಂಥದ್ದು. ಸೆಟ್ಟಿನಲ್ಲಿ ಬೆಳೆಯುವುದು ಮುಖ್ಯವಾಗಿ ಕ್ಯಾಂಡಿಡಾ ಆಲ್ಬಿಕನ್ಸ್. ಆರೋಗ್ಯವಂತರಲ್ಲೂ ಮೂರರಲ್ಲೊಬ್ಬರ, ಕೆಲವು ಲೆಕ್ಕಗಳಲ್ಲಿ ಅರ್ಧದಷ್ಟು ಜನರ ಬಾಯಿಯಲ್ಲಿ ಅದು ಯಾವ ತಂಟೆಯೂ ಮಾಡದೆ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2022ರ ಅಕ್ಟೋಬರ್‌ನಲ್ಲಿ ಗಮನ ಕೊಡಬೇಕಾದ 19 ಶಿಲೀಂಧ್ರಗಳ ಪಟ್ಟಿ ಹೊರಡಿಸಿದಾಗ ಇದನ್ನು ಅತಿ ಗಂಭೀರ ಗುಂಪಿನಲ್ಲಿ ಸೇರಿಸಿದ್ದು ನಿಜ. ಆದರೆ ಅದು ಐಸಿಯುನಲ್ಲಿ ರಕ್ತಕ್ಕೆ ಸೇರುವ ಕ್ಯಾಂಡಿಡಾವನ್ನು ಮನಸ್ಸಿನಲ್ಲಿಟ್ಟು ಮಾಡಿದ ಪಟ್ಟಿ. ಅಂಗುಳದ ಕೆಂಪು ಕಂಡು ಯಾರೂ ಎದೆಗೆಡಬೇಕಿಲ್ಲ. ಕಡೆಗಣಿಸುವಂತೆಯೂ ಇಲ್ಲ.

ಬಾಯಿಯಲ್ಲಿ ಸುಮ್ಮನಿದ್ದ ಈ ಜೀವಿ ಸೆಟ್ಟು ಬಂದ ಮೇಲೆ ಏಕೆ ಹೆಚ್ಚಿಕೊಳ್ಳುತ್ತದೆ? ಉತ್ತರದ ಅರ್ಧ ಭಾಗ ಸೆಟ್ಟನ್ನು ತಯಾರಿಸುವ ಲ್ಯಾಬಿನಲ್ಲಿದೆ.

ಸೆಟ್ಟಿನ ಗುಲಾಬಿ ಭಾಗ ಪಿಎಂಎಂಎ ಎಂಬ ಆಕ್ರಿಲಿಕ್. 1930ರ ದಶಕದಲ್ಲಿ ಇದು ಬರುವವರೆಗೆ ಗಟ್ಟಿಮಾಡಿದ ರಬ್ಬರಿನ ಸೆಟ್ಟುಗಳಿದ್ದವು. ಲ್ಯಾಬಿನಲ್ಲಿ ಮೂರು ಪಾಲು ಪುಡಿಗೆ ಒಂದು ಪಾಲು ಮಾನೋಮರ್ ಎಂಬ ಘಾಟು ದ್ರವ ಬೆರೆಸುತ್ತಾರೆ. ಮಿಶ್ರಣ ಮೊದಲು ಮರಳಿನಂತಿದ್ದು, ಆಮೇಲೆ ನೂಲೆಳೆಯಂತೆ ಅಂಟಾಗಿ, ಕೊನೆಗೆ ಕೈಗಂಟದ ಕಣಕದ ಹದಕ್ಕೆ ಬರುತ್ತದೆ. ಆಗ ಅದನ್ನು ಪ್ಲಾಸ್ಟರ್ ಅಚ್ಚಿರುವ ಫ್ಲಾಸ್ಕಿಗೆ ತುಂಬಿ, ಒತ್ತಿ, ಕ್ಲ್ಯಾಂಪ್ ಬಿಗಿದು ಬಿಸಿನೀರಿನ ತೊಟ್ಟಿಗಿಳಿಸುತ್ತಾರೆ. 74 ಡಿಗ್ರಿಯಲ್ಲಿ ಎಂಟು ಗಂಟೆಯಷ್ಟು ಕಾಲ ಇಡುವುದು ನಿಧಾನದ ದಾರಿ; ಎರಡು ಗಂಟೆ 74 ಡಿಗ್ರಿ, ಆಮೇಲೆ ಒಂದು ಗಂಟೆ ಕುದಿನೀರು ಎಂಬುದು ಬೇಗದ ದಾರಿ. ಇಲ್ಲಿ ಅವಸರ ಮಾಡಿದರೆ ಕೆಟ್ಟಿತು. ಮಾನೋಮರ್ ಸುಮಾರು 100 ಡಿಗ್ರಿಗೇ ಕುದಿಯುತ್ತದೆ. ಜೊತೆಗೆ ಗಟ್ಟಿಯಾಗುವ ಆಕ್ರಿಲಿಕ್ ತಾನೇ ಶಾಖ ಹೊರಬಿಡುತ್ತದೆ. ಕಾವು ಒಮ್ಮೆಲೇ ಏರಿದರೆ ಒಳಗಿನ ಮಾನೋಮರ್ ಕುದಿದು ಆವಿಯಾಗಿ, ದಪ್ಪ ಭಾಗಗಳಲ್ಲಿ ಸಣ್ಣ ಸಣ್ಣ ತೂತು ಬಿಟ್ಟು ಹೋಗುತ್ತದೆ. ಕಣಕ ಕಡಿಮೆ ತುಂಬಿದರೂ, ಒತ್ತಡ ಸಾಲದಿದ್ದರೂ ತೂತು ಬೀಳುತ್ತವೆ. ಬರಿಗಣ್ಣಿಗೆ ಕಾಣದ ಆ ತೂತಿನೊಳಕ್ಕೆ ಬ್ರಷ್ಷಿನ ಎಳೆ ಇಳಿಯುವುದಿಲ್ಲ. 4ರಿಂದ 6 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಗಾತ್ರದ ಕ್ಯಾಂಡಿಡಾ ಇಳಿಯುತ್ತದೆ.

ಅಚ್ಚಿನಿಂದ ಹೊರಬಂದ ಸೆಟ್ಟನ್ನು ಉಜ್ಜಿ, ಪ್ಯೂಮಿಸ್ ಪುಡಿಯಲ್ಲಿ ತಿಕ್ಕಿ, ಕೊನೆಗೆ ಬಟ್ಟೆಯ ಚಕ್ರದಲ್ಲಿ ಹೊಳಪು ಕೊಡುತ್ತಾರೆ. ಆ ಹೊಳಪು ನಾಲಿಗೆ, ಕೆನ್ನೆ, ತುಟಿ ತಾಗುವ ಹೊರಮೈಗೆ ಮಾತ್ರ. ಅಂಗುಳಕ್ಕೆ ಅಂಟಿ ಕೂರುವ ಒಳಮೈಯನ್ನು ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಅಳತೆ ಕೆಟ್ಟು ಸೆಟ್ಟು ಸಡಿಲವಾಗುತ್ತದೆ. ಹಾಗಾಗಿ ಪ್ಲಾಸ್ಟರ್ ಅಚ್ಚಿನ ಒರಟು ಒಳಮೈಗೆ ಹಾಗೇ ಇಳಿದಿರುತ್ತದೆ. ಮೇಲ್ಮೈಯ ಸರಾಸರಿ ಒರಟುತನ 0.2 ಮೈಕ್ರಾನ್ ದಾಟಿದರೆ ಬ್ಯಾಕ್ಟೀರಿಯಾಗಳು ಹೆಚ್ಚು ಅಂಟತೊಡಗುತ್ತವೆ ಎಂಬುದು ದಂತವೈದ್ಯ ಶಾಸ್ತ್ರದಲ್ಲಿ ಬಹಳ ಬಳಕೆಯಲ್ಲಿರುವ ಅಳತೆಗೋಲು. ಪಾಲಿಶ್ ಕಾಣದ ಒಳಮೈ ಅದಕ್ಕಿಂತ ಹಲವು ಪಟ್ಟು ಒರಟು.

ನನ್ನ ಮಟ್ಟಿಗೆ ಇಡೀ ವಿಷಯದ ಗಂಟು ಇರುವುದು ಇಲ್ಲೇ. ಸೆಟ್ಟು ಹಾಕಿಕೊಂಡವರು ತೊಳೆಯುವುದು ಹೊಳೆಯುವ ಕಡೆ, ಜನಕ್ಕೆ ಕಾಣುವ ಹಲ್ಲುಗಳನ್ನು. ಫಂಗಸ್ ಕೂತಿರುವುದು ಹೊಳೆಯದ ಕಡೆ. ಚಿಕಿತ್ಸೆ ನಡೆಯುವುದು ಮೂರನೆಯ ಕಡೆ, ಅಂಗುಳದಲ್ಲಿ.

ಸೆಟ್ಟು ಬಾಯಿಗೆ ಹೋದ ಕೆಲವೇ ನಿಮಿಷದಲ್ಲಿ ಲಾಲಾರಸದ ಪ್ರೋಟೀನುಗಳು ಅದರ ಮೇಲೆ ತೆಳು ಪೊರೆ ಕಟ್ಟುತ್ತವೆ. ಅದರ ಮೇಲೆ ಬ್ಯಾಕ್ಟೀರಿಯಾ ಕೂರುತ್ತವೆ, ಅವುಗಳ ಜೊತೆಗೆ ಕ್ಯಾಂಡಿಡಾ. ಒಂದೆರಡು ದಿನ ಹಾಗೇ ಬಿಟ್ಟರೆ ಕ್ಯಾಂಡಿಡಾ ದುಂಡು ರೂಪ ಬಿಟ್ಟು ಉದ್ದ ಎಳೆಗಳಾಗಿ ಚಾಚಿಕೊಂಡು, ಸುತ್ತಲೂ ಸಕ್ಕರೆ-ಪ್ರೋಟೀನಿನ ಲೋಳೆ ಹೊದ್ದು ಕೂರುತ್ತದೆ. ಇದೇ ಬಯೋಫಿಲ್ಮ್. ತೊಳೆಯದ ಸೆಟ್ಟಿನ ಒಳಮೈಯನ್ನು ಬೆರಳಲ್ಲಿ ಸವರಿದರೆ ಕೆರೆ ಮೆಟ್ಟಿಲಿನ ಪಾಚಿಯಂತೆ ಜಾರುವುದು ಇದರಿಂದಲೇ. ಈ ಹೊದಿಕೆಯೊಳಗಿನ ಫಂಗಸ್ಸು ಔಷಧಕ್ಕೆ ಬಿಡಿ ಕೋಶಗಳಷ್ಟು ಸುಲಭವಾಗಿ ಮಣಿಯುವುದಿಲ್ಲ. ಎಷ್ಟೋ ಪಟ್ಟು ಹೆಚ್ಚು ಔಷಧ ಬೇಕಾಗುತ್ತದೆ. ಎಳೆರೂಪದ ಕ್ಯಾಂಡಿಡಾ ಚರ್ಮದ ಕೋಶಗಳಿಗೆ ತೂತು ಹಾಕುವ ವಿಷವೊಂದನ್ನು ಸ್ರವಿಸುತ್ತದೆ ಎಂಬುದು ಗೊತ್ತಾದದ್ದು 2016ರಲ್ಲಿ. ಅದಕ್ಕೆ ಕ್ಯಾಂಡಿಡಾಲೈಸಿನ್ ಎಂದು ಹೆಸರಿಟ್ಟರು.

ಕೆಳಗಿನ ಸೆಟ್ಟಿನಡಿ ಈ ತೊಂದರೆ ಕಡಿಮೆ, ಮೇಲಿನದರಲ್ಲೇ ಹೆಚ್ಚು. ಮೇಲಿನ ಪ್ಲೇಟು ಅಂಗುಳಕ್ಕೆ ಗಾಳಿಯಾಡದಂತೆ ಅಂಟಿದರೆ ಒಳ್ಳೆಯ ಸೆಟ್ಟು ಎಂದು ನಾವೇ ಮೆಚ್ಚುತ್ತೇವೆ. ಆ ಬಿಗಿಯಲ್ಲೇ ಲಾಲಾರಸಕ್ಕೂ ದಾರಿ ಮುಚ್ಚುತ್ತದೆ. ಲಾಲಾರಸ ಬರೀ ನೀರಲ್ಲ. ಫಂಗಸ್ ಕೊಲ್ಲುವ ಹಿಸ್ಟಾಟಿನ್ ಎಂಬ ಪ್ರೋಟೀನುಗಳೂ ಅದರಲ್ಲಿವೆ. ಪ್ಲೇಟಿನಡಿ ಅವು ತಲುಪದೆ ಆಮ್ಲ ಹೆಚ್ಚಿ, ಕ್ಯಾಂಡಿಡಾಗೆ ಬೇಕಾದ ವಾತಾವರಣವೇ ಸಿದ್ಧವಾಗುತ್ತದೆ. ರಾತ್ರಿ ನಿದ್ದೆಯಲ್ಲಿ ಲಾಲಾರಸ ಮೊದಲೇ ಕಡಿಮೆ. ಅದಕ್ಕೇ ರಾತ್ರಿ ಸೆಟ್ಟು ತೆಗೆದಿಡುವುದು ಬೇರೆಲ್ಲ ಉಪಾಯಗಳಿಗಿಂತ ಮುಖ್ಯ. ಜಪಾನಿನಲ್ಲಿ 85 ದಾಟಿದ 524 ಹಿರಿಯರನ್ನು ಮೂರು ವರ್ಷ ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೆಟ್ಟು ಹಾಕಿಕೊಂಡೇ ಮಲಗುವವರಿಗೆ ನ್ಯುಮೋನಿಯಾ ಬರುವ ಸಂಭವ ತೆಗೆದಿಡುವವರಿಗಿಂತ ಎರಡು ಪಟ್ಟಿಗೂ ಹೆಚ್ಚು ಕಂಡಿತು. ಒಂದು ಅಧ್ಯಯನದಿಂದ ಕಾರಣ-ಪರಿಣಾಮ ಸಾಬೀತಾಗುವುದಿಲ್ಲ, ಒಪ್ಪೋಣ. ಆದರೂ ಮೊಮ್ಮಕ್ಕಳ ನಗುವಿಗೆ ಹೆದರಿ ಮಾಡುವ ಕೆಲಸಕ್ಕೆ ಇದು ದುಬಾರಿ ಬೆಲೆ.

ಉತ್ತರದ ಇನ್ನರ್ಧ ಮೈಯೊಳಗಿದೆ. 2023ರಲ್ಲಿ ಹೊರಬಂದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ 10.1 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ ಇದೆ. ಸಕ್ಕರೆ ಹತೋಟಿ ತಪ್ಪಿದವರ ಲಾಲಾರಸದಲ್ಲೂ ಗ್ಲೂಕೋಸ್ ಏರುತ್ತದೆ, ಸೋಂಕು ತಡೆಯುವ ಶಕ್ತಿಯೂ ಕುಗ್ಗುತ್ತದೆ. ಬಿಪಿಗೆ, ಅಲರ್ಜಿಗೆ, ಖಿನ್ನತೆಗೆ ಕೊಡುವ ಹಲವು ಮಾತ್ರೆಗಳು ಬಾಯಿ ಒಣಗಿಸುತ್ತವೆ. ಅಸ್ತಮಾಕ್ಕೆ ಸ್ಟೀರಾಯ್ಡ್ ಇನ್ಹೇಲರ್ ಎಳೆದು ಬಾಯಿ ಮುಕ್ಕಳಿಸದೆ ಮಲಗುವವರದು ಇನ್ನೊಂದು ಕಥೆ. ದಾವಣಗೆರೆಯಲ್ಲಿ ಹತ್ತಿ ಗಿರಣಿಗಳ ಕಾಲದಲ್ಲಿ ದುಡಿದು, ಈಗ ಉಬ್ಬಸಕ್ಕೆ ಇನ್ಹೇಲರ್ ಹಿಡಿದಿರುವ ಹಿರಿಯರ ಮನೆಯವರು ಇದನ್ನು ಗಮನಿಸಬೇಕು. ಮುಕ್ಕಳಿಸುವಾಗ ಸೆಟ್ಟು ಹೊರಗಿರಬೇಕು; ಇಲ್ಲದಿದ್ದರೆ ಅಡಿಯ ಔಷಧ ಅಲ್ಲೇ ಉಳಿಯುತ್ತದೆ.

ಎಲ್ಲ ಸಾಮಗ್ರಿಯೂ ಒಂದೇ ಅಲ್ಲ. ಬಿದ್ದು ಒಡೆದ ಸೆಟ್ಟನ್ನು ಅದೇ ದಿನ ಜೋಡಿಸಿ ಕೊಡುತ್ತಾರಲ್ಲ, ಬಿಸಿನೀರಿಗಿಳಿಸದೆ ತಾನೇ ಗಟ್ಟಿಯಾಗುವ ಆ ಕೋಲ್ಡ್ ಕ್ಯೂರ್ ಆಕ್ರಿಲಿಕ್ಕಿನಲ್ಲಿ ಬೇಯದ ಮಾನೋಮರ್ ಹೆಚ್ಚು ಉಳಿಯುತ್ತದೆ, ತೂತೂ ಹೆಚ್ಚು. ಮಕ್ಕಳ ಹಲ್ಲು ಸರಿಪಡಿಸುವ ತೆಗೆದು ಹಾಕುವ ಪ್ಲೇಟು, ರಿಟೇನರ್‌ಗಳೂ ಸಾಮಾನ್ಯವಾಗಿ ಇದರದೇ. ಪ್ಲೇಟು ಹಾಕಿದ ಮಕ್ಕಳ ಬಾಯಿಯಲ್ಲಿ ಕ್ಯಾಂಡಿಡಾ ಏರಿ, ಪ್ಲೇಟು ಬಿಟ್ಟ ಮೇಲೆ ಇಳಿಯುವುದನ್ನು ಅಧ್ಯಯನಗಳು ಕಂಡಿವೆ. ಆರೋಗ್ಯವಂತ ಮಕ್ಕಳಿಗೆ ಅದರಿಂದ ತೊಂದರೆ ಅಪರೂಪ. ಈಗ ‘ಫ್ಲೆಕ್ಸಿಬಲ್’ ಎಂದು ಹೆಚ್ಚು ದುಡ್ಡಿಗೆ ಮಾರುವ ನೈಲಾನ್ ಸೆಟ್ಟು ಒಡೆಯುವುದಿಲ್ಲ, ತಂತಿ ಕಾಣುವುದಿಲ್ಲ, ಚೆಂದ. ಆದರೆ ಪಾಲಿಶ್ ಹಿಡಿಯುವುದು ಕಷ್ಟ, ಬೇಗ ಒರಟಾಗುತ್ತದೆ. ಮಾರುವವರು ಇದನ್ನು ಹೇಳುವುದು ನಾನು ಕೇಳಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಸಡಿಲ ಸೆಟ್ಟಿಗೆ ಒಳಗಿನಿಂದ ಹಚ್ಚುವ ಮೆತ್ತನೆಯ ಲೈನರ್. ನೋವಿರುವ ವಸಡಿಗೆ ಅದು ದೊಡ್ಡ ಆರಾಮ. ಆದರೆ ಅದನ್ನು ಮೆದುವಾಗಿಡುವ ದ್ರವ್ಯ ದಿನಗಳೆದಂತೆ ಸೋರಿಹೋಗಿ ಸ್ಪಂಜಿನಂತೆ ತೂತು ಬೀಳುತ್ತದೆ, ಬ್ರಷ್ ಹಾಕಿದರೆ ಕಿತ್ತುಬರುತ್ತದೆ. ನೊಂದ ವಸಡು ಸುಧಾರಿಸಲೆಂದು ಹಚ್ಚುವ ಟಿಶ್ಯೂ ಕಂಡೀಷನರ್ ಎಂಬ ಮೆತ್ತನೆಯ ಪದರವಂತೂ ಕೆಲವು ದಿನಗಳ ಮಟ್ಟಿಗಷ್ಟೇ. ಅದನ್ನು ತಿಂಗಳುಗಟ್ಟಲೆ ಇಟ್ಟುಕೊಂಡರೆ ಫಂಗಸ್ಸಿಗೆ ಮನೆ ಕಟ್ಟಿಕೊಟ್ಟಂತೆಯೇ.

ಬ್ಲ್ಯಾಕ್ ಫಂಗಸ್ಸಿಗೆ ಮೇಲ್ದವಡೆ ಕಳೆದುಕೊಂಡವರು ಅಂಗುಳದ ತೂತು ಮುಚ್ಚಲು ಹಾಕುವ ಆಬ್ಚುರೇಟರ್ ಕೂಡ ಇದೇ ಆಕ್ರಿಲಿಕ್ಕಿನದು. ಅದರ ಗಡ್ಡೆಯಂಥ ಭಾಗ ಮೂಗಿನವರೆಗೆ ಹೋಗುವುದರಿಂದ ತೊಳೆಯುವುದು ಇನ್ನೂ ತ್ರಾಸು. ಅವರಲ್ಲಿ ಬಹಳಷ್ಟು ಜನಕ್ಕೆ ಸಕ್ಕರೆ ಕಾಯಿಲೆಯೂ ಇದೆ. ಇಂಥವರನ್ನು ಮೊದಲ ಸಾಲಿನಲ್ಲಿಟ್ಟು ನೋಡಬೇಕು.

ಕಂಪ್ಯೂಟರ್ ಹೇಳಿದಂತೆ ಆಕ್ರಿಲಿಕ್ ಗಟ್ಟಿಯಿಂದ ಕೊರೆದು ತೆಗೆಯುವ ಸೆಟ್ಟುಗಳು ಬಂದಿವೆ. ಆ ಗಟ್ಟಿಯನ್ನು ಕಾರ್ಖಾನೆಯಲ್ಲೇ ಹೆಚ್ಚು ಒತ್ತಡದಲ್ಲಿ ಬೇಯಿಸಿರುವುದರಿಂದ ತೂತು ಕಡಿಮೆ, ಮೈ ನುಣುಪು. ಪ್ರಯೋಗಾಲಯದಲ್ಲಿ ಕ್ಯಾಂಡಿಡಾ ಅಂಟುವುದೂ ಕಡಿಮೆ ಕಂಡಿದೆ. ತ್ರೀಡಿ ಪ್ರಿಂಟ್ ಮಾಡಿದ್ದಕ್ಕೆ ಆ ಗುಣವಿಲ್ಲ, ಪದರ ಪದರದ ಗೆರೆ ಉಳಿಯುತ್ತದೆ. ಎರಡನ್ನೂ ‘ಡಿಜಿಟಲ್ ಸೆಟ್ಟು’ ಎಂದು ಒಂದೇ ಹೆಸರಲ್ಲಿ ಮಾರಿದರೆ ಯಾವುದು ಎಂದು ಕೇಳಿ.

ಆಕ್ರಿಲಿಕ್ಕಿಗೇ ಬೆಳ್ಳಿಯ ನ್ಯಾನೋ ಕಣ, ಟೈಟಾನಿಯಂ ಡೈಆಕ್ಸೈಡ್, ಸೀಗಡಿ-ಏಡಿ ಚಿಪ್ಪಿನಿಂದ ತೆಗೆಯುವ ಕೈಟೋಸಾನ್ ಬೆರೆಸಿ ಫಂಗಸ್ ತಡೆಯುವ ಪ್ರಯತ್ನಗಳು ಎಷ್ಟೋ ನಡೆದಿವೆ. ದಂತವೈದ್ಯದ ಸ್ನಾತಕೋತ್ತರ (ಎಂಡಿಎಸ್) ಪ್ರಬಂಧಗಳಿಗೆ ಇದು ನೆಚ್ಚಿನ ವಿಷಯ. ಬಿಲ್ಲೆಯಂಥ ತುಂಡು ಮಾಡಿ, ಒಂದೇ ತಳಿಯ ಕ್ಯಾಂಡಿಡಾ ಹಚ್ಚಿ, ಒಂದೆರಡು ದಿನ ಬಿಟ್ಟು ಎಣಿಸುತ್ತಾರೆ. ‘ಗಣನೀಯವಾಗಿ ಕಡಿಮೆ’ ಎಂದು ಫಲಿತಾಂಶ ಬರುತ್ತದೆ. ತುಂಡು ಬಾಯಿಯಲ್ಲಿಲ್ಲ. ಅದರ ಮೇಲೆ ಎಲೆ-ಅಡಿಕೆ ಇಲ್ಲ, ಬೆಲ್ಲದ ಟೀ ಇಲ್ಲ, ಐದು ವರ್ಷದ ಸವೆತವಿಲ್ಲ. ಬೆಳ್ಳಿ ಹೆಚ್ಚಾದರೆ ಬಣ್ಣ ಕಪ್ಪಾಗುತ್ತದೆ, ಕಣ ಹೆಚ್ಚು ತುಂಬಿದರೆ ಪ್ಲೇಟಿನ ಬಲ ಕುಗ್ಗಬಹುದು. ಈ ಸಂಶೋಧನೆ ಬೇಡ ಎನ್ನುವುದಿಲ್ಲ. ಆದರೆ ಅದೇ ವಿದ್ಯಾರ್ಥಿಗಳು ತಮ್ಮದೇ ಕಾಲೇಜು ಹಿಂದಿನ ವರ್ಷ ಕೊಟ್ಟ ಸೆಟ್ಟುಗಳ ಒಳಮೈ ಈಗ ಹೇಗಿದೆ ಎಂದು ಹಳ್ಳಿಗೆ ಹೋಗಿ ನೋಡಿ ಬಂದರೆ ನಮಗೆ ಹೆಚ್ಚು ಗೊತ್ತಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಮನೆಯಲ್ಲಿ ಮಾಡಬೇಕಾದದ್ದು ಬಹಳವಿಲ್ಲ. ಊಟವಾದ ಮೇಲೆ ಸೆಟ್ಟು ತೆಗೆದು ನೀರಲ್ಲಿ ತೊಳೆಯುವುದು. ದಿನಕ್ಕೊಮ್ಮೆಯಾದರೂ ಮೆತ್ತನೆಯ ಬ್ರಷ್ಷಿನಲ್ಲಿ, ಮಾಮೂಲಿ ಸೋಪು ಅಥವಾ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಒಳಮೈಯನ್ನು ತಿಕ್ಕುವುದು. ಟೂತ್‌ಪೇಸ್ಟ್, ಹಲ್ಲುಪುಡಿ, ಇದ್ದಿಲು, ಉಪ್ಪು ಯಾವುದೂ ಬೇಡ. ಅವು ಆಕ್ರಿಲಿಕ್ಕನ್ನು ಗೀರಿ ಫಂಗಸ್ಸಿಗೆ ಇನ್ನಷ್ಟು ಜಾಗ ಮಾಡಿಕೊಡುತ್ತವೆ. ತಿಕ್ಕುವಾಗ ಕೆಳಗೆ ನೀರು ತುಂಬಿದ ಬೋಗುಣಿ ಇರಲಿ, ಕೈ ಜಾರಿದರೆ ಒಡೆಯುವುದಿಲ್ಲ. ಬಾಟಲಿ, ಲೋಟಗಳಂತೆ ಕುದಿನೀರಿಗೆ ಹಾಕಿದರೆ ಪ್ಲೇಟು ಸೊಟ್ಟಗಾಗುತ್ತದೆ. ಅಂಗುಳವನ್ನೂ ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಬೇಕು.

ನೆನೆಸುವ ದ್ರಾವಣದ ವಿಚಾರದಲ್ಲಿ ಸ್ವಲ್ಪ ಎಚ್ಚರ ಬೇಕು. ತಂತಿ, ಲೋಹ ಏನೂ ಇಲ್ಲದ ಪೂರ್ತಿ ಆಕ್ರಿಲಿಕ್ ಸೆಟ್ಟಿಗೆ ಶೇ 0.5ರ ಸೋಡಿಯಂ ಹೈಪೋಕ್ಲೋರೈಟ್ ಒಳ್ಳೆಯ ಕೆಲಸ ಮಾಡುತ್ತದೆ. 10 ನಿಮಿಷ ಮೀರಬಾರದು ಎಂದು ಅಮೆರಿಕದ ಪ್ರಾಸ್ತೊಡಾಂಟಿಸ್ಟರ (ಸೆಟ್ಟು ಕಟ್ಟುವ ತಜ್ಞರ) ಸಂಘದ 2011ರ ಮಾರ್ಗಸೂಚಿ ಹೇಳುತ್ತದೆ. ಮೀರಿದರೆ ಬಣ್ಣ ಹೋಗುತ್ತದೆ. ಲೋಹವಿರುವ ಸೆಟ್ಟಿಗೆ ಅದು ತುಕ್ಕು ತರುತ್ತದೆ, ಬೇಡವೇ ಬೇಡ. ಎಷ್ಟು ನೀರಿಗೆ ಎಷ್ಟು ಬೆರೆಸಬೇಕೆಂದು ನಿಮ್ಮ ಡೆಂಟಿಸ್ಟರನ್ನು ಕೇಳಿಯೇ ಮಾಡಿ, ಆಮೇಲೆ ಚೆನ್ನಾಗಿ ತೊಳೆಯಿರಿ. ಮೆಡಿಕಲ್ ಶಾಪಿನಲ್ಲಿ ಸಿಗುವ ನೊರೆ ಬರುವ ಮಾತ್ರೆಗಳೂ ಆಗುತ್ತವೆ, ಆದರೆ ತಿಕ್ಕುವ ಕೆಲಸ ಅವು ಮಾಡುವುದಿಲ್ಲ. ಇನ್ನು ರಾತ್ರಿ ಲೋಟದ ನೀರಿನಲ್ಲಿ ಇಡುವುದು: ಆಕ್ರಿಲಿಕ್ ಒಣಗಿ ಅಳತೆ ಕೆಡದಿರಲಿ ಎಂದು ಇದನ್ನು ಹೇಳುತ್ತಾರೆ. ಬರೀ ನೀರು ಫಂಗಸ್ ಕೊಲ್ಲುವುದಿಲ್ಲ. ತಿಕ್ಕದ ಸೆಟ್ಟನ್ನು ನಿನ್ನೆಯ ನೀರಿಗೇ ಮತ್ತೆ ಇಳಿಬಿಟ್ಟರೆ ಏನೂ ಮಾಡಿದ ಹಾಗಾಗಲಿಲ್ಲ.

ಔಷಧದ ಬಗ್ಗೆ. ಕ್ಲೋಟ್ರಿಮಝೋಲ್ ಮೌತ್ ಪೇಂಟ್ ನಮ್ಮಲ್ಲಿ ಸುಲಭವಾಗಿ ಸಿಗುತ್ತದೆ. ಜನ ಅದನ್ನು ಅಂಗುಳಕ್ಕೆ ಹಚ್ಚಿ, ಮೇಲೆ ಅದೇ ತೊಳೆಯದ ಸೆಟ್ಟು ಕೂರಿಸುತ್ತಾರೆ. ವಾರದಲ್ಲಿ ಕೆಂಪು ಇಳಿಯುತ್ತದೆ, ಔಷಧ ಬಿಟ್ಟ ಕೆಲವೇ ವಾರದಲ್ಲಿ ಮತ್ತೆ ಬರುತ್ತದೆ. ಪ್ಲೇಟಿನ ಫಂಗಸ್ಸಿಗೆ ಏನೂ ಆಗಿರುವುದಿಲ್ಲ. ಆಮೇಲೆ ಫ್ಲುಕೊನಝೋಲ್ ಮಾತ್ರೆಗೆ ಹೋಗುತ್ತಾರೆ. ಹುಳುಕಡ್ಡಿಗೆಂದು ಚೀಟಿಯಿಲ್ಲದೆ ಕೊಂಡು ನುಂಗಿ ಅಭ್ಯಾಸವಾದ ಮಾತ್ರೆ ಅದು. ಸಕ್ಕರೆಗೆ ಗ್ಲಿಮೆಪಿರೈಡ್ ನುಂಗುವವರಲ್ಲಿ ಇದು ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಬಹುದು. ರಕ್ತ ತೆಳುವಾಗಿಸುವ ವಾರ್ಫರಿನ್ ಜೊತೆ ರಕ್ತಸ್ರಾವ ತರಬಹುದು. ಮೈಕೊನಝೋಲ್ ಜೆಲ್ಲಿಗೂ ಈ ಎಚ್ಚರಿಕೆ ಅನ್ವಯಿಸುತ್ತದೆ. ಪದೇ ಪದೇ ನುಂಗಿದರೆ ಫ್ಲುಕೊನಝೋಲ್‌ಗೆ ಸುಲಭಕ್ಕೆ ಮಣಿಯದ ಕ್ಯಾಂಡಿಡಾ ಗ್ಲಬ್ರಾಟಾದಂಥವು ಉಳಿದುಕೊಳ್ಳುತ್ತವೆ. ಸೆಟ್ಟುಗಳ ಮೇಲೆ ಅದೂ ಆಗಾಗ ಸಿಗುವ ಜಾತಿಯೇ.

ಕಟವಾಯಿ ಸೀಳಿ ಉರಿಯುವುದನ್ನೂ ಇಲ್ಲೇ ಹೇಳಬೇಕು. ನಮ್ಮವರು ಅದಕ್ಕೆ ತಾವೇ ಬಿ-ಕಾಂಪ್ಲೆಕ್ಸ್ ತೆಗೆದುಕೊಳ್ಳುತ್ತಾರೆ. ಕೆಲವರಿಗೆ ವಿಟಮಿನ್, ಕಬ್ಬಿಣದ ಕೊರತೆಯೇ ಕಾರಣ, ನಿಜ. ಆದರೆ ಸೆಟ್ಟಿನ ಹಲ್ಲು ಸವೆದು ಬಾಯಿಯ ಎತ್ತರ ಕುಗ್ಗಿದರೆ ತುಟಿಯ ಅಂಚು ಮಡಚಿ, ಅಲ್ಲಿ ಲಾಲಾರಸ ನಿಂತು ಕ್ಯಾಂಡಿಡಾ ಬೆಳೆಯುತ್ತದೆ. ಆಗ ಬೇಕಾದದ್ದು ಹೊಸ ಸೆಟ್ಟು. ಹಲ್ಲು ಕಿತ್ತ ಮೇಲೆ ದವಡೆಯ ಮೂಳೆ ವರ್ಷ ವರ್ಷ ಕರಗುತ್ತಲೇ ಇರುತ್ತದೆ. ಸಡಿಲ ಸೆಟ್ಟು ಅಂಗುಳವನ್ನು ಉಜ್ಜಿ ಗಾಯ ಮಾಡಿದರೆ ಫಂಗಸ್ಸಿಗೆ ದಾರಿ ಸಲೀಸು. ಐದರಿಂದ ಏಳು ವರ್ಷಕ್ಕೆ ಸೆಟ್ಟು ಬದಲಿಸಬೇಕು ಅಥವಾ ಒಳಮೈಗೆ ಹೊಸ ಆಕ್ರಿಲಿಕ್ ಕೊಟ್ಟು ರಿಲೈನ್ ಮಾಡಿಸಬೇಕು ಎನ್ನುವುದು ಇದಕ್ಕೇ. ಮಗಳ ಮದುವೆಗೆ ಕಟ್ಟಿಸಿದ ಸೆಟ್ಟಿನಲ್ಲೇ ಮೊಮ್ಮಗಳ ಮದುವೆಯೂಟ ಮಾಡುವವರು ನಮ್ಮಲ್ಲಿ ಕಡಿಮೆಯಿಲ್ಲ.

ತಪ್ಪು ಅವರೊಬ್ಬರದೇ ಅಲ್ಲ. ಉಚಿತ ಸೆಟ್ಟು ಕೊಡುವ ಯಾವುದೇ ಯೋಜನೆಯ ಸಾಧನೆಯನ್ನು ಎಷ್ಟು ಸೆಟ್ಟು ಕೊಟ್ಟರು ಎಂಬುದರಿಂದ ಅಳೆಯುತ್ತಾರೆ. ಆರು ತಿಂಗಳ ನಂತರ ಎಷ್ಟು ಜನ ಮರಳಿ ಬಂದರು, ಎಷ್ಟು ಅಂಗುಳ ಕೆಂಪಾಗಿತ್ತು ಎಂಬ ಕಾಲಂ ಕೂಡ ಫಾರ್ಮಿನಲ್ಲಿರಬೇಕು. ಜಗಳೂರು ಕಡೆಯ ಕೂಲಿಯವರಿಗೆ ಬಸ್ ಚಾರ್ಜು, ಒಂದು ದಿನದ ಕೂಲಿ ಎರಡೂ ಹೋಗುತ್ತವೆಂದರೆ, ತಿಂಗಳಿಗೊಮ್ಮೆ ತಾಲ್ಲೂಕು ಆಸ್ಪತ್ರೆಯಲ್ಲೇ ಸೆಟ್ಟು ನೋಡುವ ದಿನ ಇಡಬಹುದು. ಬೇಕಾಗುವುದು ಒಂದು ಟಾರ್ಚು, ಒಂದಿಷ್ಟು ಗ್ಲೌಸು, ಬ್ರಷ್ಷು. ಆಶಾ ಕಾರ್ಯಕರ್ತೆಯರು ಸಕ್ಕರೆ, ಬಿಪಿ ವಿಚಾರಿಸುವಾಗ “ರಾತ್ರಿ ಸೆಟ್ಟು ತೆಗೆದಿಡ್ತೀರಾ” ಎಂದು ಒಂದು ಪ್ರಶ್ನೆ ಸೇರಿಸಿದರೂ ಆದೀತು, ಅವರ ತಲೆಯ ಮೇಲೆ ಈಗಾಗಲೇ ಎಷ್ಟು ಹೊರೆ ಇದೆ ಎಂಬುದು ಗೊತ್ತಿದ್ದೂ ಹೇಳುತ್ತಿದ್ದೇನೆ.

ಒಂದು ವಿಷಯದಲ್ಲಿ ಮಾತ್ರ ಮನೆಮದ್ದಿಗೂ ತಾಳ್ಮೆಗೂ ಜಾಗವಿಲ್ಲ. ರಾತ್ರಿ ಸೆಟ್ಟು ತೆಗೆದಿಟ್ಟು, ಒಳಮೈ ತಿಕ್ಕಿ, ಔಷಧವನ್ನೂ ಸರಿಯಾಗಿ ಹಚ್ಚಿದ ಮೇಲೆ ಎರಡು ವಾರದಲ್ಲಿ ಕೆಂಪು ಇಳಿಯುವ ಲಕ್ಷಣ ಕಾಣಬೇಕು. ಕಾಣದಿದ್ದರೆ, ಅದರಲ್ಲೂ ಕೆಂಪು ಪ್ಲೇಟಿನ ಗಡಿ ದಾಟಿ ಒಂದೇ ಕಡೆ ಮಚ್ಚೆಯಾಗಿ ಉಳಿದರೆ, ಬಿಳಿಯ ಪೊರೆ ಒರೆಸಿದರೂ ಹೋಗದಿದ್ದರೆ, ಗಾಯ ಮಾಯದಿದ್ದರೆ ಅದು ಫಂಗಸ್ ಆಗಿರಲಿಕ್ಕಿಲ್ಲ. ಎಲೆ-ಅಡಿಕೆ, ತಂಬಾಕು, ಗುಟ್ಕಾ ಹಾಕಿದ ಬಾಯಿಯಲ್ಲಿ ಬಾಯಿ ಕ್ಯಾನ್ಸರಿನ ಮೊದಲ ಗುರುತು ಹೀಗೇ ನೋವಿಲ್ಲದೆ ಬರುತ್ತದೆ. ಸೆಟ್ಟು ಕೈಯಲ್ಲಿ ಹಿಡಿದು ಡೆಂಟಲ್ ಕಾಲೇಜಿನ ಓಪಿಡಿಗೆ ಹೋಗಿ. ಸಣ್ಣ ಚೂರು ತೆಗೆದು ಬಯಾಪ್ಸಿಗೆ ಕಳಿಸೋಣ ಎಂದು ಡಾಕ್ಟರು ಹೇಳಿದರೆ ಮುಂದಿನ ತಿಂಗಳಿಗೆ ದೂಡಬೇಡಿ.